ಪರ್ವತದ ಮೇಲಣ ಶಿಲುಬೆಯನ್ನು ಬರೆದ ಚಿತ್ರಗಾರನು

ದೇವರ ಮಹಿಮೆಯನ್ನು ಬಾಯಿಂದ ಸಾರುವವರು ಅನೇಕರುಂಟು. ಬಣ್ಣದಿಂದ ಸಾರಿದವರು ಕೆಲವರೇ. ಅಂಥವರಲ್ಲಿ ಒಬ್ಬನಾದ ಕಾಸ್ಪರ್ ದಾವೀದ್ ಫ್ರೀಡ್ರಿಕ್ ಎಂಬವನ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಈತನು 1774ನೆಯ ಇಸವಿ ಸಪ್ಟೆಂಬರ್ 5ರಂದು ಬಾಲ್ಟಿಕ್ ಸಮುದ್ರತೀರದ ಗ್ರೈಫ್ಸ್‌ವಾಲ್ಡ್ ಪಟ್ಟಣದಲ್ಲಿ ಹುಟ್ಟಿದನು. ಈಗ ಜರ್ಮನಿಗೆ ಸೇರಿದ ಆ ಪಟ್ಟಣವು ಆಗ ಸ್ವೀಡನ್ ಅರಸನ ಅಧೀನದಲ್ಲಿತ್ತು. ತಂದೆಯು ಲೂಥರನ್ ಸಭೆಯವನು. ಮೇಣದ ಬತ್ತಿಯನ್ನೂ ಸಾಬೂನನ್ನೂ ಮಾಡಿ ಜೀವಿಸುತ್ತಿದ್ದನು. ಬಾಲಕನು ಆರು ವರುಷದವನಿರುವಾಗಲೇ ತಾಯಿ ತೀರಿಹೋದಳು. 1787ರಲ್ಲಿ ಮಂಜುಗಡ್ಡೆ ಒಡೆದು ತಮ್ಮನು ನೀರಿನಲ್ಲಿ ಮುಳುಗಿ ಸತ್ತನು. ಅಣ್ಣನನ್ನು ರಕ್ಷಿಸಹೋಗಿಯೇ ಸತ್ತನೆಂದು ಹೇಳುವುದುಂಟು. ಈ ದುಃಖದ ನೆರಳು ಫ್ರೀಡ್ರಿಕನನ್ನು ಕಡೆಯ ವರೆಗೂ ಬಿಡಲಿಲ್ಲ.

ಕೋಪನ್‌ಹೇಗನ್ ನಗರದಲ್ಲಿ ನಾಲ್ಕು ವರುಷ ಚಿತ್ರವಿದ್ಯೆಯನ್ನು ಕಲಿತು, 1798ರಲ್ಲಿ ಡ್ರೆಸ್ಡೆನ್ ನಗರಕ್ಕೆ ಬಂದು ಅಲ್ಲಿಯೇ ನೆಲೆಸಿದನು. ಬೆಟ್ಟಗುಡ್ಡಗಳಲ್ಲಿ ನಡೆದು, ಒಂದೊಂದು ಮರವನ್ನೂ ಬಂಡೆಯನ್ನೂ ಸೀಸದಕಡ್ಡಿಯಿಂದ ಬರೆದುಕೊಂಡು, ಮನೆಗೆ ಬಂದು ಬರಿದಾದ ಕೋಣೆಯಲ್ಲಿ ವರ್ಣಚಿತ್ರವನ್ನು ರಚಿಸುವುದು ಈತನ ಪದ್ಧತಿ.

1808ರ ಕ್ರಿಸ್ಮಸ್ ಕಾಲದಲ್ಲಿ ಈತನು ಯಜ್ಞವೇದಿಯ ಚಿತ್ರದ ರೀತಿಯಲ್ಲಿ ಮಾಡಿದ ಒಂದು ಪಟವನ್ನು ತನ್ನ ಕೋಣೆಯಲ್ಲಿ ಜನರಿಗೆ ತೋರಿಸಿದನು. ಅದರಲ್ಲಿ ಅಪೊಸ್ತಲರಿಲ್ಲ, ಜನಸಮೂಹವಿಲ್ಲ. ಮುಕ್ಕೋನವಾಗಿ ಮೇಲೇರುವ ಕಪ್ಪಾದ ಬೆಟ್ಟ, ಅದರ ಮೇಲೆ ಹಸುರಳಿಯದ ಮರಗಳು, ತುದಿಯಲ್ಲಿ ಶಿಲುಬೆ. ಹಿಂದೆ ಕೆಂಪೂ ನೇರಳೆಯೂ ಬೆರೆದ ಮೇಘಗಳು. ಸೂರ್ಯನು ಬೆಟ್ಟದ ಹಿಂದೆ ಮರೆಯಾಗಿದ್ದಾನೆ. ಅವನ ಕಿರಣಗಳು ಮಾತ್ರ ಮೇಲಕ್ಕೆ ಹರಡಿವೆ. ನೋಡುವವನು ನೆರಳಿನ ಪಕ್ಕದಲ್ಲಿದ್ದಾನೆ. ಶಿಲುಬೆಯ ಮೇಲಣ ಲೋಹದ ಕ್ರಿಸ್ತಪ್ರತಿಮೆಯು ಅವನಿಗೆ ಕಾಣದ ಬೆಳಕನ್ನು ಕಾಣುತ್ತದೆ. ಬಂಡೆಯು ಕದಲದ ನಂಬಿಕೆಗೂ ಹಸುರು ಮರಗಳು ನಿರೀಕ್ಷೆಗೂ ಗುರುತೆಂದು ಚಿತ್ರಗಾರನೇ ವಿವರಿಸಿದನು.

ರಾಮ್‌ಡೋರ್ ಎಂಬ ವಿಮರ್ಶಕನು 1809ರಲ್ಲಿ ಇದನ್ನು ಕಠಿಣವಾಗಿ ಖಂಡಿಸಿದನು. ಬೆಟ್ಟಕಾಡುಗಳ ಚಿತ್ರವು ಯಜ್ಞವೇದಿಯನ್ನೇರುವುದು ಧಾರ್ಷ್ಟ್ಯವೆಂದು ಅವನ ಮತ. ಆದರೂ ಫ್ರೀಡ್ರಿಕನು ತನ್ನ ಮಾರ್ಗವನ್ನು ಬಿಡಲಿಲ್ಲ.

ಮುಪ್ಪಿನಲ್ಲಿ ಜನರ ಅಭಿರುಚಿ ಬದಲಾಗಿ ಬಡತನವು ಬಂತು. 1835ರಲ್ಲಿ ಪಾರ್ಶ್ವವಾಯು ಬಡಿದು ಕೈ ಸೋತಿತು. 1840ರ ಮೇ 7ರಂದು ಮರಣಹೊಂದಿದನು. ಲೋಕವು ಮರೆತಿದ್ದ ಈತನ ಹೆಸರು 1906ರಲ್ಲಿ ಬರ್ಲಿನ್ ನಗರದ ಪ್ರದರ್ಶನದಿಂದ ಪುನಃ ಬೆಳಕಿಗೆ ಬಂತು. ಆ ಶಿಲುಬೆಯ ಪಟವು ಈಗ ಡ್ರೆಸ್ಡೆನ್ ಚಿತ್ರಶಾಲೆಯಲ್ಲಿದೆ.

ಸೂರ್ಯನನ್ನೇ ಬರೆಯದೆ ಅವನ ಬೆಳಕನ್ನು ತೋರಿಸಿದ್ದು ಈತನ ವಿಶೇಷವು. ಬಾಲ್ಯದಲ್ಲೇ ಕತ್ತಲೆಯನ್ನು ಕಂಡವನು ಕತ್ತಲೆಯ ಬೆಟ್ಟವನ್ನು ಮುಚ್ಚಿಡಲಿಲ್ಲ. ಅದರ ಆಚೆಗೆ ಬೆಳಕುಂಟೆಂದು ತಿಳಿಸಿದನು. ನೆರಳಿನ ಪಕ್ಕದಲ್ಲಿ ನಡೆಯುವ ನಮಗೂ ಇದು ತಕ್ಕ ಆದರಣೆಯಲ್ಲವೇ?