ಒಂದು ಅಂಕದ ಉತ್ತರವಾಗಿದ್ದ ರಹೀಂ ಮೇಷ್ಟ್ರು

ಬಿ.ಪಿ.ಎಡ್ ಮುಗಿಸಿ, ದೈಹಿಕ ಶಿಕ್ಷಣ ಶಿಕ್ಷಕರ ನೇಮಕಾತಿಗೆ ಕಾಯುತ್ತಾ ಜೇವರ್ಗಿಯ ಮನೆಯಲ್ಲಿ ಓದುತ್ತಿದ್ದೇನೆ. ಸೈಯದ್ ಅಬ್ದುಲ್ ರಹೀಂ ಎಂಬ ಹೆಸರು ನನಗೆ ಬಹಳ ದಿನ ಒಂದು ಅಂಕದ ಉತ್ತರವಷ್ಟೇ ಆಗಿತ್ತು. 1962ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ಕೋಚ್ ಯಾರು? ಅವರೇ. ಮುಂದಿನ ಪ್ರಶ್ನೆ.

ಆಮೇಲೆ ಗೊತ್ತಾಯಿತು, ಅವರು ನಮ್ಮವರೇ. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರು. ಆಗ ಆಳಂದ, ಅಫಜಲಪುರ, ಜೇವರ್ಗಿ ಎಲ್ಲವೂ ನಿಜಾಮರ ಆ ಸೀಮೆಗೇ ಸೇರಿದ್ದವು. ಉಸ್ಮಾನಿಯಾದಲ್ಲಿ ಪದವಿ ಪಡೆದು ಶಾಲಾ ಶಿಕ್ಷಕರಾದರು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿದರು. ನಾನು ಕಾಯುತ್ತಿರುವುದೂ ಅಂಥದ್ದೇ ಕೆಲಸಕ್ಕೆ!

ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಸಿಕ್ಕಾಗ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಆಟಗಾರರ ದುರ್ಬಲ ಕಾಲನ್ನು ಪಳಗಿಸಲು ಆ ಕಾಲಿನಲ್ಲಿ ಮಾತ್ರ ಆಡುವ ಪಂದ್ಯಾವಳಿ, ಆಟದ ವೇಗ ಹೆಚ್ಚಿಸಲು ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿ ನಡೆಸುತ್ತಿದ್ದರಂತೆ. ದುಡ್ಡು ಬೇಡ, ಜಿಮ್ ಬೇಡ. ನನಗೆ ಅವರ ಪದಕಗಳಿಗಿಂತ ಇದೇ ದೊಡ್ಡದು ಅನ್ನಿಸುತ್ತದೆ.

1951ರಲ್ಲಿ ದೆಹಲಿಯಲ್ಲಿ ಚಿನ್ನ. ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು; ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆಮೇಲೆ ಬೂಟು ಕಡ್ಡಾಯವಾಯಿತು. ನಾಲ್ಕು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್ಸ್. ಡಿಸೆಂಬರ್ 1ರಂದು ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ ಭಾರತ ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿ ಅಂದಿಗೆ ಸರಿಯಾಗಿ ಒಂದು ತಿಂಗಳು.

ಜಕಾರ್ತದ ಕಥೆ ಸಿನಿಮಾದಲ್ಲಿ ನೋಡಿರುತ್ತೀರಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ವಿರುದ್ಧ 2-0ರಿಂದ ಸೋಲು. ತಲೆಗೆ ಪೆಟ್ಟಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಮುಂದಿನ ಸಾಲಿನಲ್ಲಿ ಆಡಿಸಿದರು. ಫೈನಲ್‌ನಲ್ಲಿ ಅದೇ ಕೊರಿಯಾ ಎದುರು ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. 2-1. ಮರುವರ್ಷ ಜೂನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮೇಷ್ಟ್ರನ್ನು ಕೊಂಡೊಯ್ದಿತು. ಪುರುಷರ ತಂಡಕ್ಕೆ ಏಷ್ಯನ್ ಗೇಮ್ಸ್ ಚಿನ್ನ ಮತ್ತೆ ಸಿಕ್ಕಿಲ್ಲ.

ಅವರು ಕಟ್ಟಿದ್ದೆಲ್ಲ ಹುಡುಗರ ತಂಡಗಳು. ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ದೇಶದಲ್ಲಿ ಒಂದು ಸಂಘ ಹುಟ್ಟಿದ್ದೇ 1975ರಲ್ಲಿ, ಅವರು ತೀರಿ ಹನ್ನೆರಡು ವರ್ಷಕ್ಕೆ. ಬೆಂಗಳೂರಿನ ಚಿತ್ರಾ ಗಂಗಾಧರನ್ ಅವರಂಥವರು ಆ ಶುರುವಿನ ತಲೆಮಾರಿನವರು. 2025ರ ಜುಲೈನಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡನ್ನು ಅವರದೇ ನೆಲದಲ್ಲಿ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದಾಗ ಸ್ಕೋರು ಅದೇ 2-1. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದು. ಆ ರಾತ್ರಿ ನಾನು ಮೊಬೈಲ್ ಹಿಡಿದು ಅತ್ತೆ, ಸುಳ್ಳೇಕೆ ಹೇಳಲಿ.

ಕಾಲೇಜಿನಲ್ಲಿ ನಾವು ಹುಡುಗಿಯರ ತಂಡ ಕಟ್ಟಲು ಹೋದಾಗ ಹನ್ನೊಂದು ಜನ ಸೇರಲೇ ಇಲ್ಲ. ಆಳಂದದ ಇಬ್ಬರು, ಅಫಜಲಪುರದ ಮೂವರು, ಜೇವರ್ಗಿಯ ನಾವಿಬ್ಬರು, ಒಟ್ಟು ಏಳು. ಅದರಲ್ಲಿ ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳ ಮನೆಯಲ್ಲಿ ಚಡ್ಡಿ ಹಾಕಬಾರದೆಂದರು. ಫೈಲು ಅಲ್ಲಿಗೆ ಮುಚ್ಚಿತು.

ಈಗ ಭಾನುವಾರ ಸಂಜೆ ನಮ್ಮ ಓಣಿಯ ಆರೇಳು ಹುಡುಗಿಯರನ್ನು ಬಯಲಿಗೆ ಕರೆದೊಯ್ಯುತ್ತೇನೆ. ನಿಯಮ ಒಂದೇ, ಎಡಗಾಲಲ್ಲಷ್ಟೇ ಒದೆಯಬೇಕು. ಚೆಂಡು ಪಕ್ಕದ ತೊಗರಿ ಹೊಲಕ್ಕೆ ಹೋಗುವುದೇ ಹೆಚ್ಚು. ಹೊಲದ ಯಜಮಾನರು ಮೊದಲ ವಾರ ಬೈದರು. ಹೋದ ವಾರ ತಾವೇ ಎತ್ತಿ ಒದ್ದರು, ಬಲಗಾಲಲ್ಲಿ. ಹುಡುಗಿಯರು ಫೌಲ್ ಎಂದು ಕೂಗಿದರು.