ಆಕಾಶವನ್ನೇ ಹಾದಿ ಮಾಡಿಕೊಂಡ ಕಾಯಕಜೀವಿ

ಅಂಬಿಗರ ಚೌಡಯ್ಯನ ಹುಟ್ಟು, ನುಲಿಯ ಚಂದಯ್ಯನ ಹಗ್ಗ, ಮೋಳಿಗೆಯ ಮಾರಯ್ಯನ ಕಟ್ಟಿಗೆಯ ಹೊರೆ, ಇವು ಪರಹಿತಕ್ಕೆ ಸಂದಾಗ ಪೂಜಾದ್ರವ್ಯಗಳೇ ಆದುವು. ಉಪಕರಣವು ತಾನಾಗಿ ಪುಣ್ಯವನ್ನೂ ಗಳಿಸದು, ಪಾಪವನ್ನೂ ಗಳಿಸದು. ಅದನ್ನು ಹಿಡಿದವನ ಮನಸ್ಸು ಅದಕ್ಕೆ ಶೀಲವನ್ನೀಯುತ್ತದೆ. ಈ ತತ್ತ್ವಕ್ಕೆ ದೂರದ ಕೆನಡಾ ದೇಶದ ವಿಮಾನಚಾಲಕನಾದ ವಿಲ್ಫ್ರಿಡ್ ಮೇ ಎಂಬಾತನ ಜೀವಿತವು ಒಂದು ನಿದರ್ಶನವಾಗಿದೆ.

ಈತನು 1896ರಲ್ಲಿ ಮ್ಯಾನಿಟೋಬಾ ಪ್ರಾಂತದ ಕಾರ್ಬೆರಿ ಎಂಬಲ್ಲಿ ಜನಿಸಿ, ಎಡ್ಮಂಟನ್ ನಗರದಲ್ಲಿ ಬೆಳೆದನು. ವಿಲ್ಫ್ರಿಡ್ ಎಂಬ ಹೆಸರನ್ನು ಉಚ್ಚರಿಸಲಾರದ ಬಂಧುವರ್ಗದ ಮಗುವೊಂದು ವಾಪ್ ಎಂದು ತೊದಲಿತಂತೆ. ಆ ತೊದಲು ನುಡಿಯೇ ಕಡೆಯವರೆಗೂ ಈತನ ಹೆಸರಾಗಿ ನಿಂತಿತು. ಪ್ರಥಮ ಮಹಾಯುದ್ಧದಲ್ಲಿ ಈತನು ವೈಮಾನಿಕ ಯೋಧನಾದನು. 1918ರ ಏಪ್ರಿಲ್ 21ರಂದು ಬಂದೂಕು ಸ್ತಬ್ಧವಾಗಿ ಹಿಂದಿರುಗುತ್ತಿದ್ದ ಈ ತರುಣನನ್ನು ಜರ್ಮನಿಯ ಪ್ರಖ್ಯಾತ ವೀರನಾದ ರಿಖ್ತ್‌ಹೋಫೆನನು ಬೆನ್ನಟ್ಟಿದನು. ಬೆನ್ನಟ್ಟಿದವನೇ ಗುಂಡು ತಗುಲಿ ಮಡಿದನು. ಮೇ ಬದುಕಿ ಉಳಿದನು. ಹೀಗೆ ಉಳಿದ ಪ್ರಾಣವನ್ನು ಏತಕ್ಕಾಗಿ ವಿನಿಯೋಗಿಸಬೇಕೆಂಬ ಪ್ರಶ್ನೆಗೆ ಈತನ ಮುಂದಿನ ಬಾಳೇ ಉತ್ತರವಾಯಿತು.

1919ರಲ್ಲಿ ಸಹೋದರನೊಡನೆ ಎಡ್ಮಂಟನ್ನಿನಲ್ಲಿ ವಿಮಾನೋದ್ಯಮವನ್ನು ಆರಂಭಿಸಿದನು. ತರುವಾಯ ಯಂತ್ರಶಾಲೆಯೊಂದರಲ್ಲಿ ಉಕ್ಕಿನ ಚೂರು ಸಿಡಿದು ಒಂದು ಕಣ್ಣಿಗೆ ಪೆಟ್ಟಾಯಿತು. ಆದರೂ ಹಾರಾಟವನ್ನು ಬಿಡಲಿಲ್ಲ.

1928ರ ಡಿಸೆಂಬರಿನಲ್ಲಿ ಉತ್ತರದ ಫೋರ್ಟ್ ವರ್ಮಿಲಿಯನ್ ಪ್ರದೇಶದಲ್ಲಿ ಗಂಟಲಮಾರಿಯು ಕಾಣಿಸಿಕೊಂಡಿತು. ಅಲ್ಲಿಯ ವೈದ್ಯನ ಬಳಿ ಸಾಕಷ್ಟು ಔಷಧವಿರಲಿಲ್ಲ. ಊರಿನಲ್ಲಿ ತಂತಿಯೂ ಇರಲಿಲ್ಲ. ಆತನು ಬರೆದುಕೊಟ್ಟ ಸಂದೇಶವನ್ನು ಇಬ್ಬರು ಜಾರುಬಂಡಿಯಲ್ಲಿ ಹಿಮವನ್ನು ಸೀಳುತ್ತ, ಹಲವು ದಿನ ನಡೆದು, ಪೀಸ್ ರಿವರ್ ಎಂಬ ಪಟ್ಟಣದ ತಂತಿಮನೆಗೆ ಮುಟ್ಟಿಸಿದರು. ಎಡ್ಮಂಟನ್ನಿನ ಆರೋಗ್ಯಾಧಿಕಾರಿಯು ಮೇಯನ್ನು ಕೇಳಲು, ಈತನು ಹಿಂದುಮುಂದು ನೋಡದೆ ಒಪ್ಪಿದನು. ದೊರೆತುದು ಮೇಲೆ ಹೊದಿಕೆಯಿಲ್ಲದ ಪುಟ್ಟ ಏವ್ರೋ ಏವಿಯನ್ ವಿಮಾನ. ಹಿಮದ ಮೇಲೆ ಇಳಿಯಲು ತಕ್ಕ ಜಾರುಪಟ್ಟಿಗಳಿಲ್ಲ, ಬರಿಯ ಗಾಲಿಗಳು.

1929ರ ಜನವರಿ 2ರಂದು ಸಂಗಡಿಗನಾದ ವಿಕ್ ಹಾರ್ನರನೊಡನೆ ಹೊರಟನು. ನೇರವಾಗಿ ಎಣಿಸಿದರೂ 500 ಕಿಲೋಮೀಟರುಗಳಿಗೆ ಮೀರಿದ ದೂರ; ಮೈ ಮರಗಟ್ಟಿಸುವ ಘೋರ ಶೀತ. ಔಷಧವು ಹೆಪ್ಪುಗಟ್ಟದಂತೆ ಕಂಬಳಿಯಲ್ಲಿ ಸುತ್ತಿ, ಇದ್ದಿಲಿನ ಒಲೆಯ ಕಾವಿನಲ್ಲಿರಿಸಿದ್ದರು. ತಾವು ನಡುಗುತ್ತಿದ್ದರೂ ಕಾವನ್ನು ಕಂಡವರಿಯದ ರೋಗಿಗಳ ಪಾಲಿಗೆ ಮೀಸಲಿಟ್ಟ ಈ ಪರಿಯನ್ನು ದಾಸೋಹವೆನ್ನದೆ ಮತ್ತೇನೆನ್ನಬೇಕು? ಮ್ಯಾಕ್ಲೆನನ್ ಎಂಬಲ್ಲಿ ರಾತ್ರಿ ತಂಗಿ, ಮರುದಿನ ಮಧ್ಯಾಹ್ನದ ತರುವಾಯ ಗುರಿಯನ್ನು ಮುಟ್ಟಿದರು. ಮೊದಲ ರೋಗಿಯು ಆ ವೇಳೆಗಾಗಲೇ ತೀರಿಕೊಂಡಿದ್ದನು. ಆದರೆ ವ್ಯಾಧಿಯು ಹಬ್ಬದಂತೆ ತಡೆಯಲು ಔಷಧವು ಸಕಾಲಕ್ಕೆ ಒದಗಿತು. ಜನವರಿ 6ರಂದು ಹಿಂದಿರುಗಿದಾಗ ಸಾವಿರಾರು ಜನರು ಬಯಲಿನಲ್ಲಿ ನೆರೆದಿದ್ದರು.

ಅದೇ ವರ್ಷದ ಡಿಸೆಂಬರಿನಲ್ಲಿ ಉತ್ತರಧ್ರುವವೃತ್ತದಾಚೆಯ ಅಕ್ಲಾವಿಕ್ ಎಂಬ ನೆಲೆಗೆ ವಿಮಾನದ ಅಂಚೆಯನ್ನು ಕೊಂಡೊಯ್ದನು. 1932ರಲ್ಲಿ ಪೊಲೀಸನೊಬ್ಬನನ್ನು ಕೊಂದು ಹಿಮಾರಣ್ಯದಲ್ಲಿ ಅವಿತಿದ್ದ ಅಪರಾಧಿಯ ಜಾಡನ್ನು ಆಕಾಶದಿಂದ ಹುಡುಕಿದವನೂ ಈತನೇ. ಫೆಬ್ರವರಿ 17ರ ಕಡೆಯ ಕಾಳಗದಲ್ಲಿ ಅಪರಾಧಿಯು ಹತನಾದನು; ಪ್ರಾಣಾಂತಿಕವಾಗಿ ಗಾಯಗೊಂಡ ಸೈನಿಕನೊಬ್ಬನನ್ನು ಮೇ ಒಡನೆಯೇ ಅಕ್ಲಾವಿಕ್ಕಿನ ಆಸ್ಪತ್ರೆಗೆ ಹಾರಿಸಿಕೊಂಡು ಹೋಗಿ ಉಳಿಸಿದನು. ಒಂದೇ ವಿಮಾನವು ಒಂದೇ ದಿನ ಬೇಟೆಗೂ ರಕ್ಷಣೆಗೂ ಸಂದಿತು. ಯಾವುದು ಶಾಶ್ವತವಾದುದೆಂಬುದನ್ನು ವಾಚಕರೇ ವಿಚಾರಿಸಲಿ.

ಕಡೆಗೆ ಪೆಟ್ಟಾದ ಕಣ್ಣನ್ನೇ ಕಳೆದುಕೊಂಡು ಹಾರಾಟವನ್ನು ಬಿಡಬೇಕಾಯಿತು. ಕೈ ಬರಿದಾಯಿತೆಂದು ಸುಮ್ಮನೆ ಕುಳಿತುಕೊಳ್ಳಲಿಲ್ಲ. ದ್ವಿತೀಯ ಮಹಾಯುದ್ಧದಲ್ಲಿ ಅರಣ್ಯಮಧ್ಯದಲ್ಲಿ ಬಿದ್ದ ವಿಮಾನಗಳವರನ್ನು ರಕ್ಷಿಸಲು ಛತ್ರಿಯ ಆಸರೆಯಿಂದ ಧುಮುಕುವ ತಂಡವನ್ನು ಸಿದ್ಧಪಡಿಸಿದನು. ಇದಕ್ಕಾಗಿ 1947ರಲ್ಲಿ ಅಮೆರಿಕ ದೇಶವು ಈತನನ್ನು ಪದಕದಿಂದ ಗೌರವಿಸಿತು. 1952ರ ಜೂನ್ 21ರಂದು ಅಮೆರಿಕದ ಯೂಟಾ ಪ್ರಾಂತದಲ್ಲಿ ಮಗನೊಡನೆ ಬೆಟ್ಟವೇರುತ್ತಿದ್ದಾಗ ಈತನ ಆಯುಷ್ಯವು ಮುಗಿಯಿತು.

ಎಲ್ಲರಿಗೂ ವಿಮಾನವು ದೊರೆಯದು, ದೊರೆಯಬೇಕಾಗಿಯೂ ಇಲ್ಲ. ಕರೆ ಬಂದಾಗ ಕೈಯಲ್ಲಿದ್ದುದನ್ನೇ ಹಿಡಿದು ಹೊರಡುವ ಮನಸ್ಸೊಂದಿದ್ದರೆ, ನಮ್ಮ ನಮ್ಮ ಕಾಯಕವೇ ನಮ್ಮನ್ನು ಸಂಕಟದಲ್ಲಿರುವವರ ಬಾಗಿಲಿಗೆ ಮುಟ್ಟಿಸುವುದು.