ಗಣಿಯೊಳಗೆ ಇಳಿದ ಬಾಬಾಸಾಹೇಬರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನದ ಬಗ್ಗೆ ಬರೆದುಕೊಡು ಎಂದು ಸಂಪಾದಕ ಮಂಡಳಿಯ ಗುರುಗಳು ಹೇಳಿದಾಗ ನಾನು ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ಆರಿಸಿಕೊಂಡೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ನೀಲಿ ಕೋಟು ತೊಟ್ಟು ಸಂವಿಧಾನದ ಪುಸ್ತಕ ಹಿಡಿದ ಅವರ ಚಿತ್ರವೋ ಪ್ರತಿಮೆಯೋ ಕಾಣುತ್ತದೆ. ಮಹಾಡ್ ಕೆರೆಯ ಕಥೆ, ಸಂವಿಧಾನ ರಚನೆಯ ಕಥೆ, ನಾಗಪುರದ ಬೌದ್ಧ ದೀಕ್ಷೆ ಎಲ್ಲವನ್ನೂ ಪ್ರತಿ ಏಪ್ರಿಲ್ 14ರಂದು ಕೇಳುತ್ತಲೇ ಬೆಳೆದವರು ನಾವು. ಆದ್ದರಿಂದ ಅವನ್ನು ಮತ್ತೆ ಬರೆಯುವುದಿಲ್ಲ. ನಾಲ್ಕು ವರ್ಷ ಅವರು ಇಡೀ ಬ್ರಿಟಿಷ್ ಇಂಡಿಯಾದ ಕಾರ್ಮಿಕ ಇಲಾಖೆ ನೋಡಿಕೊಂಡರು, ಕಲ್ಲಿದ್ದಲ ಗಣಿಯೊಳಗೆ ಖುದ್ದಾಗಿ ಇಳಿದು ನೋಡಿದರು. ಈ ಭಾಗ ನಮ್ಮ ಕಡೆ ಅಷ್ಟಾಗಿ ಯಾರೂ ಹೇಳುವುದಿಲ್ಲ.

ನನಗೆ ಇದರ ಸುಳಿವು ಸಿಕ್ಕಿದ್ದು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ನಮ್ಮ ತಂಡದಲ್ಲಿದ್ದ ಸಹೋದ್ಯೋಗಿಯೊಬ್ಬರು ಕೆಜಿಎಫ್‌ನವರು, ದಿನವೂ ಮಾರಿಕುಪ್ಪಂ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಅವರ ತಾತ ಚಿನ್ನದ ಗಣಿಯ ಕೂಲಿ. ಅವರ ಮಟ್ಟಿಗೆ ಅಂಬೇಡ್ಕರ್ ಎಂದರೆ ಮೊದಲು ಗಣಿ, ಆಮೇಲೆ ಸಂವಿಧಾನ.

1891ರಲ್ಲಿ ಮಹೂ ದಂಡು ಪ್ರದೇಶದಲ್ಲಿ ಹುಟ್ಟಿದ ಭೀಮರಾಯರು ಬೆಳೆದದ್ದು ಮುಂಬೈಯ ಪರೇಲ್‌ನಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಿವೃತ್ತರಾಗಿ ಮುಂಬೈಗೆ ಬಂದ ಮೇಲೆ ಕುಟುಂಬ ಉಳಿದುಕೊಂಡದ್ದು ಗಿರಣಿ ಕಾರ್ಮಿಕರ ಚಾಳಿನಲ್ಲಿ, ಒಂದೇ ಕೋಣೆಯಲ್ಲಿ. ಮಿಲ್ಲಿನ ಸಿಳ್ಳಿಗೆ ಏಳುವ ಜನರ ನಡುವೆ ಓದಿದ ಹುಡುಗ ಅವರು. ಮುಂದೆ ಕೊಲಂಬಿಯಾ, ಲಂಡನ್ ಪದವಿಗಳು ಬಂದ ಮೇಲೂ ಬಹಳ ವರ್ಷ ವಾಸ ಅದೇ ಪರೇಲ್‌ನ ಚಾಳಿನಲ್ಲೇ.

1913ರಿಂದ 1916ರವರೆಗೆ ಅವರು ನ್ಯೂಯಾರ್ಕ್‌ನಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿ. ಅಮೆರಿಕದ ಕೊಲರಾಡೊ ರಾಜ್ಯದ ಕಲ್ಲಿದ್ದಲ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆದದ್ದು ಅದೇ ಕಾಲದಲ್ಲಿ. ಕಂಪನಿಯ ಮನೆಗಳಿಂದ ಹೊರಹಾಕಲ್ಪಟ್ಟ ಕಾರ್ಮಿಕರು ಲಡ್ಲೋ ಎಂಬಲ್ಲಿ ಡೇರೆ ಹಾಕಿಕೊಂಡಿದ್ದರು. 1914ರ ಏಪ್ರಿಲ್ 20ರಂದು ರಾಜ್ಯದ ಸೈನಿಕರು, ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು, ಡೇರೆಗಳಿಗೆ ಬೆಂಕಿ ಬಿತ್ತು. ಗುಂಡಿಗೆ ಹೆದರಿ ಡೇರೆಯ ಕೆಳಗೆ ತೋಡಿದ ಗುಳಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಉಸಿರುಗಟ್ಟಿ ಸತ್ತರು. ಗಣಿಯಲ್ಲಿ ಹೆಚ್ಚಿನ ಪಾಲು ಇದ್ದದ್ದು ರಾಕ್‌ಫೆಲ್ಲರ್ ಕುಟುಂಬಕ್ಕೆ, ಅವರ ಕಚೇರಿ ನ್ಯೂಯಾರ್ಕ್‌ನಲ್ಲಿ. ಹಾಗಾಗಿ ಆ ಊರಿನ ಪತ್ರಿಕೆಗಳಲ್ಲಿ, ಬೀದಿಗಳಲ್ಲಿ ಅದೇ ಸುದ್ದಿ, ಅದೇ ಪ್ರತಿಭಟನೆ. ಕಲ್ಲಿದ್ದಲ ಊರಿನಲ್ಲಿ ಕೂಲಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಇವತ್ತಿಗೂ ಕೊಡುವ ಉದಾಹರಣೆ ಲಡ್ಲೋ.

ಭಾರತಕ್ಕೆ ಮರಳಿದ ಮೇಲೆ ಕಾರ್ಮಿಕರ ವಿಷಯದಲ್ಲಿ ಅವರು ಹಿಡಿದ ದಾರಿ ಸರಳವಾಗಿರಲಿಲ್ಲ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದದ್ದು ನೇಯ್ಗೆ ವಿಭಾಗದಲ್ಲಿ. ಅಲ್ಲಿ ಲಾಳಿಗೆ ದಾರ ಪೋಣಿಸಲು ಬಾಯಿಂದ ಎಳೆಯಬೇಕಿತ್ತು. ಅಸ್ಪೃಶ್ಯರ ಎಂಜಲು ತಾಗುತ್ತದೆಂದು ಉಳಿದ ಕಾರ್ಮಿಕರೇ ಅವರನ್ನು ಆ ವಿಭಾಗಕ್ಕೆ ಬಿಡುತ್ತಿರಲಿಲ್ಲ. 1928ರ ಮಹಾ ಮುಷ್ಕರದ ಸಮಯದಲ್ಲಿ, ಈ ಅನ್ಯಾಯ ಹೋಗಬೇಕೆಂಬುದೂ ಯೂನಿಯನ್ನಿನ ಬೇಡಿಕೆಯಾಗಲಿ ಎಂದು ಅಂಬೇಡ್ಕರರು ಹಟ ಹಿಡಿದರು. ಮರುವರ್ಷದ ಮುಷ್ಕರವನ್ನು ಅವರು ವಿರೋಧಿಸಿದರು. ತಿಂಗಳುಗಟ್ಟಲೆ ಕೂಲಿ ನಿಂತರೆ ಮೊದಲು ಹಸಿಯುವುದು ಯಾರ ಮನೆ ಎಂಬುದು ಚಾಳಿನಲ್ಲಿ ಬೆಳೆದ ಅವರಿಗೆ ಗೊತ್ತಿತ್ತು.

ಹಾಗೆಂದು ಅವರು ಮುಷ್ಕರದ ವಿರೋಧಿಯಲ್ಲ. 1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1938ರಲ್ಲಿ ಮುಂಬೈ ಸರ್ಕಾರ ತಂದ ಕೈಗಾರಿಕಾ ವಿವಾದ ಮಸೂದೆಯಲ್ಲಿ, ಸಂಧಾನದ ಮೆಟ್ಟಿಲು ಹತ್ತದೆ ಮುಷ್ಕರ ಹೂಡಿದರೆ ಜೈಲು ಎಂದಿತ್ತು. ಕೆಲಸ ಮಾಡುವುದಿಲ್ಲ ಎನ್ನುವುದು ಅಪರಾಧವಾದರೆ ಕೂಲಿಗೂ ಗುಲಾಮನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ ಎಂಬುದು ಅವರ ವಾದ. ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಒಂದು ದಿನದ ಮುಷ್ಕರ ನಡೆಸಿದರು. ಆ ದಿನ ಕಲ್ಲು ತೂರಾಟ, ಲಾಠಿ ಪ್ರಹಾರ, ಗೋಲಿಬಾರ್ ಎಲ್ಲವೂ ನಡೆದವು. ಮಸೂದೆ ಮಾತ್ರ ಕಾನೂನಾಯಿತು.

ನಾಲ್ಕೇ ವರ್ಷದಲ್ಲಿ, 1942ರ ಜುಲೈನಲ್ಲಿ, ಅದೇ ವ್ಯಕ್ತಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಈಗಿನ ಲೆಕ್ಕದಲ್ಲಿ ಕೇಂದ್ರ ಕಾರ್ಮಿಕ ಮಂತ್ರಿ. ಅಧಿಕಾರ ವಹಿಸಿಕೊಂಡ ಮರು ತಿಂಗಳೇ ದೆಹಲಿಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಂದೇ ಮೇಜಿಗೆ ಕೂರುವ ಸಮ್ಮೇಳನ ನಡೆಯಿತು.

ಎರಡನೇ ಮಹಾಯುದ್ಧದ ಕಾಲವದು. ರೈಲಿಗೆ, ಕಾರ್ಖಾನೆಗೆ ಎಲ್ಲದಕ್ಕೂ ಕಲ್ಲಿದ್ದಲೇ ಬೇಕು. ಆದರೆ ಝರಿಯಾ, ರಾಣಿಗಂಜ್ ಗಣಿಗಳಿಂದ ಜನ ಬಿಟ್ಟು ಹೋಗುತ್ತಿದ್ದರು. ಹೋಗದೆ ಏನು ಮಾಡಿಯಾರು? ಕೂಲಿ ಕಡಿಮೆ, ಮನೆಯೆಂದರೆ ಕತ್ತಲ ಗೂಡು, ಮೇಲೆ ಗುತ್ತಿಗೆದಾರರ ಸರದಾರರು. ಯೂನಿಯನ್ ಕಟ್ಟಲು ಹೊರಟವರನ್ನು ಬಡಿಯಲು ಮಾಲೀಕರು ಲಾಠಿ ಹಿಡಿದ ಜಟ್ಟಿಗಳನ್ನು ಸಾಕಿಕೊಳ್ಳುತ್ತಿದ್ದರು. 1943ರ ಡಿಸೆಂಬರ್‌ನಲ್ಲಿ ಅಂಬೇಡ್ಕರರು ಅಲ್ಲಿಗೆ ಹೋದರು. ಕಚೇರಿಯಲ್ಲಿ ಹಾರ ಹಾಕಿಸಿಕೊಂಡು ಹಿಂತಿರುಗಬಹುದಿತ್ತು. ಅವರು ಗಣಿಯೊಳಗೆ ನೂರಾರು ಅಡಿ ಇಳಿದು ಕಲ್ಲಿದ್ದಲು ಕಡಿಯುವವರನ್ನು, ಹೊರುವವರನ್ನು ನೋಡಿದರು, ಮೇಲೆ ಬಂದು ಕೂಲಿಕಾರರ ಮನೆಗಳನ್ನೂ ನೋಡಿದರು.

ಎರಡೇ ತಿಂಗಳೊಳಗೆ, 1944ರ ಜನವರಿ ಕೊನೆಗೆ, ಕಲ್ಲಿದ್ದಲ ಗಣಿ ಕಾರ್ಮಿಕರ ಕಲ್ಯಾಣ ನಿಧಿಯ ಸುಗ್ರೀವಾಜ್ಞೆ ಹೊರಬಿತ್ತು. ಗಣಿಯಿಂದ ಹೊರಹೋಗುವ ಪ್ರತಿ ಟನ್ನಿನ ಮೇಲೆ ಇಷ್ಟು ಎಂದು ಸೆಸ್, ಆ ಹಣ ಕಾರ್ಮಿಕರ ಮನೆ, ನೀರು, ಆಸ್ಪತ್ರೆ, ಮಕ್ಕಳ ಶಾಲೆಗೆ. ಧನ್‌ಬಾದ್‌ನ ಕೇಂದ್ರ ಆಸ್ಪತ್ರೆ ಎದ್ದದ್ದು ಈ ನಿಧಿಯಿಂದಲೇ. ನಾನು ಎಂಜಿನಿಯರ್ ಆದ್ದರಿಂದಲೋ ಏನೋ, ಈ ವ್ಯವಸ್ಥೆ ನನಗೆ ಬಹಳ ಹಿಡಿಸುತ್ತದೆ. ಮಾಲೀಕನ ದಯೆಗೆ ಕಾಯಬೇಕಿರಲಿಲ್ಲ. ಕಲ್ಲಿದ್ದಲು ಹೊರಟರೆ ಹಣ ತಾನೇ ಬಂದು ಬೀಳುತ್ತಿತ್ತು.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಹೆಂಗಸರನ್ನು ಗಣಿಯೊಳಗೆ ಇಳಿಸುವುದು ಯುದ್ಧಕ್ಕೆ ಮುಂಚೆಯೇ ನಿಷೇಧವಾಗಿತ್ತು. ಕಲ್ಲಿದ್ದಲು ಸಾಲದೆಂದು 1943ರಲ್ಲಿ ಆ ನಿಷೇಧ ತೆಗೆದದ್ದು ಅಂಬೇಡ್ಕರರ ಇಲಾಖೆ. ಶಾಸನಸಭೆಯ ಒಳಗೂ ಹೊರಗೂ ಟೀಕೆ ಬಂತು. ಇದು ತಾತ್ಕಾಲಿಕ, ಗಂಡಸಿನಷ್ಟೇ ಕೂಲಿ ಹೆಂಗಸಿಗೂ ಸಿಗಬೇಕು ಎಂಬುದು ಅವರ ಉತ್ತರ. ಗಣಿ ಹೆಂಗಸರ ಹೆರಿಗೆ ಭತ್ಯೆಯ ಕಾನೂನನ್ನೂ ಬಲಪಡಿಸಿದರು. 1946ರ ಫೆಬ್ರವರಿ 1ರಿಂದ ನಿಷೇಧ ಮತ್ತೆ ಜಾರಿಗೆ ಬಂತು. ಮಾತು ಉಳಿಸಿಕೊಂಡರು, ನಿಜ. ಆದರೂ ನಡುವಿನ ಆ ಎರಡೂವರೆ ವರ್ಷ ಬಗ್ಗಿಕೊಂಡು ಕಲ್ಲಿದ್ದಲು ಹೊತ್ತವರು ಬಡ ಹೆಂಗಸರೇ.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. ನಂಜನಗೂಡಿನ ದೇವಸ್ಥಾನದ ಪಕ್ಕ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ, ತಲಕಾಡು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. 1902ರಲ್ಲಿ ಅಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಹೋದದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ. ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ. ನಮ್ಮ ಹಳ್ಳಿಗಳಿಗೆ ಕರೆಂಟ್ ಬಂದದ್ದು ಅದಾಗಿ ಎಷ್ಟೋ ದಶಕದ ಮೇಲೆ. ನಮ್ಮ ಹೊಳೆಯ ನೀರಿನ ಬಲದಿಂದ ನಡೆದ ಆ ಗಣಿಯಲ್ಲಿ ಕೆಳಗಿಳಿದು ದುಡಿದವರು ಬಹುಪಾಲು ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳು ದಲಿತರು. ಗಣಿ ಕೊನೆಗೆ ಮೂರು ಕಿ.ಮೀ.ಗೂ ಆಳಕ್ಕೆ ಹೋಯಿತು. ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳು ಕುಡಿದು ಎದೆ ಕೆಟ್ಟವರು ಒಬ್ಬಿಬ್ಬರಲ್ಲ. ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. 1930ರಲ್ಲಿ ಕಂಪನಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ, ಕಳ್ಳರಂತೆ ಗುರುತು ಕೊಡಲೊಲ್ಲೆವೆಂದು ಸಾವಿರಾರು ಜನ ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಆಗ ಅವರಿಗೆ ಒಂದು ಯೂನಿಯನ್ ಕೂಡ ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮಾನ್ಯತೆ ಬಂದದ್ದೇ 1940ರ ದಶಕದ ಆರಂಭದಲ್ಲಿ.

ಅಂಬೇಡ್ಕರರು ದೆಹಲಿಯಲ್ಲಿ ಮಾಡುತ್ತಿದ್ದ ಕಾನೂನುಗಳು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯ. ಮೈಸೂರು ರಾಜರ ಸೀಮೆ, ಇಲ್ಲಿಯ ಗಣಿಗೆ ಇಲ್ಲಿಯದೇ ಕಾನೂನು. ಕಲ್ಯಾಣ ನಿಧಿಯಂತೂ ಕಲ್ಲಿದ್ದಲಿಗೆ ಸೀಮಿತ, ಚಿನ್ನಕ್ಕಲ್ಲ. ಕಾರ್ಮಿಕರ ಸಂಘವನ್ನು ಮಾಲೀಕ ಮಾನ್ಯ ಮಾಡಲೇಬೇಕು, ಎದುರು ಕೂತು ಮಾತಾಡಲೇಬೇಕು ಎಂಬ ಮಸೂದೆಗೆ ಅವರು ತಮ್ಮ ಅವಧಿಯ ಕೊನೆಯವರೆಗೂ ದುಡಿದರು. ಮಾತಿಗೆ ಜಾಗ ಸಿಗದ ಕಡೆ ಕಲ್ಲು ಮೊದಲು, ಗುಂಡು ಆಮೇಲೆ ಎಂಬುದನ್ನು ಮುಂಬೈಯಲ್ಲಿ ಅವರು ಕಣ್ಣಾರೆ ಕಂಡಿದ್ದರು. 1946ರ ಮಧ್ಯದಲ್ಲಿ ಆ ಸ್ಥಾನದಿಂದ ಇಳಿದರು. ಅದೇ ವರ್ಷ ನವೆಂಬರ್ 4ರಂದು ಕೆಜಿಎಫ್‌ನಲ್ಲಿ ಪೊಲೀಸರು ಕಾರ್ಮಿಕರ ಮೇಲೆ ಗುಂಡು ಹಾರಿಸಿದರು. ಆರು ಜನ ಸತ್ತರು. ನನ್ನ ಸಹೋದ್ಯೋಗಿಯ ಮನೆಯಲ್ಲಿ ಆ ತಾರೀಖನ್ನು ಹಬ್ಬದ ತಾರೀಖಿನಂತೆ ನೆನಪಿಟ್ಟುಕೊಂಡಿದ್ದಾರೆ. ನಮ್ಮ ಪಠ್ಯಪುಸ್ತಕದಲ್ಲಿ ಆ ಆರು ಜನರ ಬಗ್ಗೆ ಒಂದು ಸಾಲನ್ನೂ ನಾನು ಓದಿದ ನೆನಪಿಲ್ಲ.

ಸ್ವಾತಂತ್ರ್ಯಾನಂತರದ ಕಥೆ ಎಲ್ಲರಿಗೂ ಗೊತ್ತು. ಕಾನೂನು ಮಂತ್ರಿಯಾದರು, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು, 1951ರಲ್ಲಿ ಮಂತ್ರಿಗಿರಿ ಬಿಟ್ಟರು. 1952ರ ಮೊದಲ ಮಹಾ ಚುನಾವಣೆಯಲ್ಲಿ ಮುಂಬೈಯ ಜನ ಅವರನ್ನು ಸೋಲಿಸಿದರು. ಕೆಜಿಎಫ್‌ನ ಗಣಿ ಕಾರ್ಮಿಕರು ಮಾತ್ರ ಅವರ ಪರಿಶಿಷ್ಟ ಜಾತಿಗಳ ಒಕ್ಕೂಟದ ಅಭ್ಯರ್ಥಿಯನ್ನು ಮೈಸೂರು ವಿಧಾನಸಭೆಗೆ ಗೆಲ್ಲಿಸಿ ಕಳಿಸಿದರು. 1954ರ ಜುಲೈನಲ್ಲಿ ಅಂಬೇಡ್ಕರರು ತಾವೇ ಕೆಜಿಎಫ್‌ಗೆ ಬಂದರು. ಸಕ್ಕರೆ ಕಾಯಿಲೆಯಿಂದ, ಕಾಲುನೋವಿನಿಂದ ಆ ಹೊತ್ತಿಗೆ ಬಹಳ ಬಳಲಿದ್ದರು. ಸಹೋದ್ಯೋಗಿಯ ತಾತ ಆಗ ಇಪ್ಪತ್ತರ ಹರೆಯದವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗದೆ ನೇರ ಸಭೆಯ ಜಾಗಕ್ಕೆ ಹೋಗಿ ಕೂತರಂತೆ.

1956ರ ಕೊನೆಗೆ ಮೈಸೂರು ಸರ್ಕಾರ ಗಣಿಗಳನ್ನು ಕಂಪನಿಯಿಂದ ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ ಡಿಸೆಂಬರ್ 6ರಂದು ದೆಹಲಿಯಲ್ಲಿ ಅಂಬೇಡ್ಕರರು ತೀರಿಕೊಂಡರು. ಮರುದಿನ ಅವರ ಅಂತ್ಯಯಾತ್ರೆ ಸಾಗಿದ್ದು ಗಿರಣಿ ಕಾರ್ಮಿಕರ ಮುಂಬೈಯಲ್ಲಿ, ಸಮುದ್ರದ ದಡದ ದಾದರ್‌ಗೆ.